ಕೆಮಿಕಲ್ ಇಂಜಿನಿಯರಿಂಗ್ ಓದಬೇಕೆಂದಿರುವ ಉತ್ತರ ಕನ್ನಡದ ವಿದ್ಯಾರ್ಥಿಗೆ

ಪಿಯುಸಿ ಮುಗಿದು ಸೀಟಿನ ಆಯ್ಕೆಗೆ ಕುಳಿತಾಗ ನಮ್ಮ ಜಿಲ್ಲೆಯ ಹೆಚ್ಚಿನ ಮನೆಗಳಲ್ಲಿ ಕೆಮಿಕಲ್ ಇಂಜಿನಿಯರಿಂಗಿನ ಹೆಸರು ಪಟ್ಟಿಯ ತಳದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. "ಅದನ್ನ ಓದಿ ಎಂತ ಮಾಡ್ತೆ?" ಎಂದು ಕೇಳಿದರೆ ಉತ್ತರ ಹೇಳುವವರು ಊರಲ್ಲಿ ಕಡಿಮೆ. ಆದರೆ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ, ದಾಂಡೇಲಿಯ ಕಾಗದದ ಕಾರ್ಖಾನೆ, ಕೈಗಾದ ಅಣುವಿದ್ಯುತ್ ಸ್ಥಾವರ, ಸಾಣಿಕಟ್ಟಾದ ಉಪ್ಪಿನ ಆಗರ, ಘಟ್ಟದ ಮೇಲಿನ ಆಲೆಮನೆ, ಅಡಕೆ ಬೇಯಿಸುವ ಒಲೆ ಇವೆಲ್ಲವೂ ಇದೇ ಶಾಸ್ತ್ರದ ವ್ಯಾಪ್ತಿಗೆ ಬರುತ್ತವೆ. ಈ ವಿಷಯ ಕಲಿಯುವುದಕ್ಕೆ ರಾಜ್ಯದಲ್ಲಿ ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಕಾಲೇಜು ಮಾತ್ರ ಹೊರಗೆ ಹುಡುಕಬೇಕು.

ಈ ಲೇಖನದಲ್ಲಿ ಸೀಟಿನಿಂದ ಹಿಡಿದು ಕೊನೆಯ ವರ್ಷದವರೆಗೆ ಏನೇನು ಮಾಡಬೇಕೆಂದು ಬರೆದಿದ್ದೇನೆ. ಎಲ್ಲಕ್ಕೂ ಮೇಲಾಗಿ ಒಂದು ಮಾತು: ಈ ನಾಲ್ಕು ವರ್ಷದ ಓದು ನಿಂತಿರುವುದು ಒಂದೇ ಲೆಕ್ಕದ ಮೇಲೆ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಒಳಗೇ ಉಳಿದದ್ದೆಷ್ಟು. ಕಾಲೇಜಿನಲ್ಲಿ ಇದಕ್ಕೆ ಮಟೀರಿಯಲ್ ಬ್ಯಾಲೆನ್ಸ್ ಎನ್ನುತ್ತಾರೆ. ಇದು ಕೈಗೆ ಹತ್ತಿದವರಿಗೆ ಉಳಿದ ವಿಷಯಗಳು ಒಂದೊಂದಾಗಿ ದಾರಿ ಬಿಡುತ್ತವೆ. ಇದನ್ನು ಹಾರಿಸಿ ಮುಂದೆ ಹೋದವರು ಮೂರನೇ ವರ್ಷದಲ್ಲಿ ಸೂತ್ರ ಬಾಯಿಪಾಠ ಮಾಡುತ್ತ ಕೂರುತ್ತಾರೆ.

ಇದು ನಿಮಗೆ ಹೊಂದುತ್ತದೆಯೇ?

ಕೆಮಿಸ್ಟ್ರಿಯಲ್ಲಿ ಒಳ್ಳೆಯ ಅಂಕ ಬಂದಿದೆ ಎಂಬ ಒಂದೇ ಕಾರಣಕ್ಕೆ ಈ ಶಾಖೆ ಆರಿಸಬೇಡಿ. ಪಿಯುಸಿಯಲ್ಲಿ ಓದಿದ ಸಾವಯವ ರಸಾಯನಶಾಸ್ತ್ರ ಇಲ್ಲಿ ತೀರ ಕಡಿಮೆ. ನಾಲ್ಕು ವರ್ಷದಲ್ಲಿ ಹೆಚ್ಚು ಬೇಕಾಗುವುದು ಗಣಿತ ಮತ್ತು ಭೌತಶಾಸ್ತ್ರ: ಪೈಪಿನಲ್ಲಿ ದ್ರವ ಹೇಗೆ ಹರಿಯುತ್ತದೆ, ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಸಾಗುತ್ತದೆ, ಎರಡು ದ್ರವ ಬೆರೆತಿದ್ದರೆ ಬೇರ್ಪಡಿಸುವುದು ಹೇಗೆ, ಪ್ರಯೋಗಶಾಲೆಯ ಬೀಕರಿನಲ್ಲಿ ಆದ ಕ್ರಿಯೆಯನ್ನು ಹತ್ತು ಟನ್ನಿನ ಪ್ರಮಾಣದಲ್ಲಿ ಮಾಡುವುದು ಹೇಗೆ. ಕೆಮಿಸ್ಟ್ರಿ ಸಾಧಾರಣ, ಆದರೆ ಲೆಕ್ಕ ಬಿಡಿಸುವುದರಲ್ಲಿ ಖುಷಿ ಇದೆ ಎನ್ನುವವರು ಇಲ್ಲಿ ಚೆನ್ನಾಗಿ ಬರುತ್ತಾರೆ.

ಇನ್ನೊಂದನ್ನೂ ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಕಾರ್ಖಾನೆ ಇಪ್ಪತ್ನಾಲ್ಕು ಗಂಟೆ ನಡೆಯುತ್ತದೆ. ಈ ಓದಿನ ಮೊದಲ ಕೆಲಸಗಳಲ್ಲಿ ರಾತ್ರಿ ಪಾಳಿ ಸಾಮಾನ್ಯ. ವಿನ್ಯಾಸ, ಸಂಶೋಧನೆ, ಸಾಫ್ಟ್‌ವೇರ್ ಕಡೆಗೂ ದಾರಿಗಳಿವೆ, ಆದರೆ ಪಾಳಿ ಎಂದರೇನೆಂದು ತಿಳಿದುಕೊಂಡೇ ಒಳಗೆ ಬನ್ನಿ.

ಸೀಟು

ನಮ್ಮ ಜಿಲ್ಲೆಯ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಈ ಶಾಖೆ ಇಲ್ಲ. ಕಾರವಾರದ ಮಾಜಾಳಿಯಲ್ಲಿ ಸರಕಾರಿ ಕಾಲೇಜಿದೆ, ಭಟ್ಕಳ ಮತ್ತು ಹಳಿಯಾಳದಲ್ಲೂ ಕಾಲೇಜುಗಳಿವೆ, ಅಲ್ಲಿ ಬೇರೆ ಶಾಖೆಗಳು. ಹಾಗಾಗಿ ಹಾಸ್ಟೆಲ್ ಖರ್ಚು ಮೊದಲೇ ಲೆಕ್ಕಕ್ಕೆ ಬರಲಿ.

ಸಿಇಟಿ ಮೂಲಕ ಹೋಗುವವರಿಗೆ ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್., ರಾಮಯ್ಯ, ದಯಾನಂದ ಸಾಗರ್ ಕಾಲೇಜುಗಳು, ತುಮಕೂರಿನ ಸಿದ್ಧಗಂಗಾ ಕಾಲೇಜು ಈ ಶಾಖೆ ನಡೆಸಿಕೊಂಡು ಬಂದಿವೆ. ಸೀಟುಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಆ ವರ್ಷ ಪ್ರಕಟಿಸುವ ಸೀಟ್ ಮ್ಯಾಟ್ರಿಕ್ಸ್ ನೋಡಿಯೇ ಆಯ್ಕೆ ತುಂಬಿ. ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಲಾ 60 ಅಂಕಕ್ಕೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ರ‍್ಯಾಂಕಿಗೆ ಸಿಇಟಿ ಅರ್ಧ, ದ್ವಿತೀಯ ಪಿಯುಸಿಯ ಈ ಮೂರು ವಿಷಯಗಳ ಅಂಕ ಇನ್ನರ್ಧ. ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡು ಬರೀ ಸಿಇಟಿ ತಯಾರಿ ಮಾಡುವುದು ನಷ್ಟದ ಮಾತು.

ಕರಾವಳಿಯವರಿಗೆ ನನ್ನ ಮೊದಲ ಸಲಹೆ ಸುರತ್ಕಲ್ಲಿನ ಎನ್‌ಐಟಿ. ಅಲ್ಲಿ ಪ್ರವೇಶ ಜೆಇಇ ಮೇನ್ ಮೂಲಕ, ಅರ್ಧ ಸೀಟು ಕರ್ನಾಟಕದವರಿಗೇ ಮೀಸಲು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲಿಂದಲೂ ಕೊಂಕಣ ರೈಲು ಹತ್ತಿದರೆ ಸುರತ್ಕಲ್ಲಿನಲ್ಲಿ ಇಳಿಯಬಹುದು. ಪಕ್ಕದಲ್ಲೇ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ಪಣಂಬೂರಿನಲ್ಲಿ ಎಂಸಿಎಫ್ ಗೊಬ್ಬರ ಕಾರ್ಖಾನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದವರಿಗೆ ಧಾರವಾಡದ ಐಐಟಿ ಹತ್ತಿರ. ಅಲ್ಲಿ ಕೆಮಿಕಲ್ ಮತ್ತು ಬಯೋಕೆಮಿಕಲ್ ಇಂಜಿನಿಯರಿಂಗ್ ಇದೆ, ಆದರೆ ಜೆಇಇ ಅಡ್ವಾನ್ಸ್ಡ್ ದಾಟಬೇಕು. ಖರ್ಚು ಮಾಡಬಲ್ಲವರಿಗೆ ಮಣಿಪಾಲವೂ ಇದೆ.

ಎಸ್ಎಸ್ಎಲ್‌ಸಿ ಮುಗಿಸಿ ಡಿಪ್ಲೊಮಾ ಕಡೆ ನೋಡುತ್ತಿರುವವರು ಮಂಗಳೂರಿನ ಕರ್ನಾಟಕ ಸರಕಾರಿ ಪಾಲಿಟೆಕ್ನಿಕ್ ವಿಚಾರಿಸಿ. ಅಲ್ಲಿ ಕೆಮಿಕಲ್ ಡಿಪ್ಲೊಮಾ ನಡೆದುಬಂದಿದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. ಮನೆಯ ಪರಿಸ್ಥಿತಿ ಬಿಗಿಯಾಗಿದ್ದರೆ ಇದು ತುಂಬ ಒಳ್ಳೆಯ ದಾರಿ. ಡಿಪ್ಲೊಮಾದಿಂದ ಬಂದವರಿಗೆ ಪಂಪು, ವಾಲ್ವುಗಳ ಪರಿಚಯ ಮೊದಲೇ ಇರುತ್ತದೆ. ಗಣಿತದಲ್ಲಿ ಮಾತ್ರ ಅವರು ಹೆಚ್ಚು ಶ್ರಮ ಪಡಬೇಕು.

ಕಾಗದಪತ್ರದ ಬಗ್ಗೆ ಎರಡು ಮಾತು. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ, ಹಾಗೆಯೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಮೀಸಲಾತಿ ಇದೆ. ಎರಡಕ್ಕೂ ಶಾಲೆಯ ವ್ಯಾಸಂಗ ಪ್ರಮಾಣಪತ್ರದ ಮೇಲೆ ಬಿಇಒ ಮೇಲುಸಹಿ ಬೇಕು. ಶಿರಸಿ ಅಥವಾ ಕಾರವಾರದ ನಗರ ವ್ಯಾಪ್ತಿಯ ಶಾಲೆಯಲ್ಲಿ ಓದಿದ ವರ್ಷಗಳು ಗ್ರಾಮೀಣಕ್ಕೆ ಸೇರುವುದಿಲ್ಲ. ಹಳ್ಳಿಯಲ್ಲಿ ಮನೆಯಿದ್ದು ಪೇಟೆಯ ಹೈಸ್ಕೂಲಿಗೆ ಹೋದವರು ಇದನ್ನು ಮೊದಲೇ ನೋಡಿಕೊಳ್ಳಲಿ. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮಳೆಗಾಲಕ್ಕೆ ಮುಂಚೆಯೇ ತಂದಿಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗಲೂ ಅವೇ ಬೇಕು.

ಸೀಟು ಹಂಚಿಕೆಯಾದ ಮೇಲೆ ಬರುವ ನಾಲ್ಕು ಚಾಯ್ಸ್‌ಗಳಲ್ಲಿ ಅವಸರ ಬೇಡ. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಸಿಕ್ಕ ಸೀಟು ಕೈಯಲ್ಲಿಟ್ಟುಕೊಂಡು ಮೇಲಿನ ಆಯ್ಕೆಗೆ ಮುಂದಿನ ಸುತ್ತಿನಲ್ಲಿ ಕಾಯುವುದು. ಮೂರನೆಯದು ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಪೂರ್ತಿ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸವನ್ನು ಸೈಬರ್ ಸೆಂಟರಿನವರ ಮೇಲೆ ಬಿಡದೆ ನೀವೇ ಓದಿ ಒತ್ತಿ.

ಕಾಲೇಜು ಶುರುವಾಗುವ ಮೊದಲು ಒಂದು ಲೆಕ್ಕ

ಸೀಟು ಸಿಕ್ಕಿ ತರಗತಿ ಆರಂಭವಾಗುವ ನಡುವೆ ಸಮಯ ಸಿಗುತ್ತದೆ. ಆಗ ಈ ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ.

ಶಿರಸಿ-ಸಿದ್ದಾಪುರದ ಆಲೆಮನೆಯನ್ನು ನೆನಪಿಸಿಕೊಳ್ಳಿ. ಕೊಪ್ಪರಿಗೆಗೆ 100 ಕೆ.ಜಿ. ಕಬ್ಬಿನ ಹಾಲು ಹಾಕಿದ್ದಾರೆ, ಅದರಲ್ಲಿ 18 ಕೆ.ಜಿ. ಸಕ್ಕರೆ ಮೊದಲಾದ ಕರಗಿದ ಘನಪದಾರ್ಥ, ಉಳಿದದ್ದು ನೀರು ಎಂದಿಟ್ಟುಕೊಳ್ಳಿ. ಜೋನಿ ಬೆಲ್ಲದಲ್ಲಿ ನೂರಕ್ಕೆ 75 ಭಾಗ ಘನಪದಾರ್ಥ ಬೇಕು. ಎಷ್ಟು ಜೋನಿ ಬರುತ್ತದೆ? ಘನಪದಾರ್ಥ ಹಬೆಯಾಗಿ ಹೋಗುವುದಿಲ್ಲ, ಕೊಳೆ ತೆಗೆಯುವಾಗ ಹೋಗುವ ಸ್ವಲ್ಪವನ್ನು ಸದ್ಯಕ್ಕೆ ಬಿಡಿ. ಒಳಗೆ ಹೋದ 18 ಕೆ.ಜಿ.ಯೇ ಜೋನಿಯಲ್ಲಿದೆ. 18ನ್ನು 0.75ರಿಂದ ಭಾಗಿಸಿದರೆ 24 ಕೆ.ಜಿ. ಜೋನಿ. ಉಳಿದ 76 ಕೆ.ಜಿ. ಹಬೆಯಾಗಿ ಹೋಯಿತು.

ಈಗ ಬಿಸಿಯ ಲೆಕ್ಕ. 100 ಕೆ.ಜಿ. ಹಾಲನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 29,000 ಕಿಲೋಜೂಲ್ ಬೇಕು. ಕುದಿಯುವ ನೀರಿನ ಪ್ರತಿ ಕೆ.ಜಿ.ಯನ್ನು ಹಬೆ ಮಾಡಲು 2,257 ಕಿಲೋಜೂಲ್, ಹಾಗಾಗಿ 76 ಕೆ.ಜಿ.ಗೆ ಸುಮಾರು 1,71,500. ಒಟ್ಟು ಎರಡು ಲಕ್ಷ ಕಿಲೋಜೂಲ್. ಒಣಗಿದ ಕಟ್ಟಿಗೆ ಕೆ.ಜಿ.ಗೆ ಸುಮಾರು 16,000 ಕಿಲೋಜೂಲ್ ಕೊಡುತ್ತದೆ ಎಂದುಕೊಂಡರೆ, ಎಲ್ಲ ಬಿಸಿಯೂ ಹಾಲಿಗೇ ಸೇರಿದಲ್ಲಿ 12-13 ಕೆ.ಜಿ. ಸಾಕು. ಆಲೆಮನೆಯ ಒಲೆ ಅದಕ್ಕಿಂತ ಬಹಳ ಹೆಚ್ಚು ಉರಿಸುತ್ತದೆಂಬುದು ಒಲೆ ಮುಂದೆ ಕುಳಿತವರಿಗೆಲ್ಲ ಗೊತ್ತು. ಉಳಿದ ಬಿಸಿ ಎಲ್ಲಿ ಹೋಯಿತು? ಹೊಗೆಯ ಜೊತೆ, ಒಲೆಯ ಗೋಡೆಗೆ, ಹಸಿ ಉರುವಲಿನ ನೀರು ಆರಿಸುವುದಕ್ಕೆ. ಹಾಲಿಗೆ ಸೇರಿದ ಬಿಸಿಯಲ್ಲೂ ಹೆಚ್ಚಿನದು ಕೊಪ್ಪರಿಗೆಯ ಮೇಲೆ ಏಳುವ ಹಬೆಯ ಜೊತೆ ಹೋಗುತ್ತದೆ. ಆ ಹಬೆಯಲ್ಲಿರುವ ಬಿಸಿಯನ್ನು ಹಿಡಿಯುವುದು ಹೇಗೆಂಬ ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಂಡಿರಿ, ದಾಂಡೇಲಿಯ ಮಾತು ಬಂದಾಗ ಬೇಕಾಗುತ್ತದೆ.

ಈ ಲೆಕ್ಕದಲ್ಲಿ ಪಿಯುಸಿಯ ಗಣಿತಕ್ಕಿಂತ ಮೇಲಿನದು ಏನೂ ಇಲ್ಲ. ಆದರೆ ಎರಡನೇ ವರ್ಷದಲ್ಲಿ ಬರುವ ಪ್ರೊಸೆಸ್ ಕ್ಯಾಲ್ಕುಲೇಶನ್ಸ್ ವಿಷಯದ ತಿರುಳು ಇದೇ: ಒಂದು ಗಡಿ ಎಳೆಯುವುದು, ಗಡಿ ದಾಟುವುದನ್ನೆಲ್ಲ ಬರೆಯುವುದು, ಬದಲಾಗದೆ ಉಳಿಯುವ ವಸ್ತು ಯಾವುದೆಂದು ಹುಡುಕುವುದು. ಇಲ್ಲಿ ಅದು ಸಕ್ಕರೆ.

ಮೊದಲ ವರ್ಷ

ಎಲ್ಲ ಶಾಖೆಯವರೂ ಹೆಚ್ಚುಕಡಿಮೆ ಒಂದೇ ಓದುತ್ತಾರೆ. ಇಲ್ಲಿ ಎರಡೇ ವಿಷಯಕ್ಕೆ ಗಮನ ಕೊಟ್ಟರೆ ಸಾಕು. ಡಿಫರೆನ್ಶಿಯಲ್ ಸಮೀಕರಣಗಳನ್ನು ಬಿಡಿಸುವುದಷ್ಟೇ ಅಲ್ಲ, ಬರೆಯುವುದನ್ನೂ ಕಲಿಯಿರಿ. ಟ್ಯಾಂಕಿಗೆ ನೀರು ಬರುತ್ತಿದೆ, ಕೆಳಗಿನಿಂದ ಹೋಗುತ್ತಿದೆ, ಮಟ್ಟ ಹೇಗೆ ಬದಲಾಗುತ್ತದೆ ಎಂದು ಕೇಳಿದರೆ ಸಮೀಕರಣ ನೀವೇ ಹುಟ್ಟಿಸಬೇಕು. ಎರಡನೆಯದು ಯೂನಿಟ್. ಒತ್ತಡವನ್ನು ಪಾಸ್ಕಲ್, ಬಾರ್, ಕೆ.ಜಿ. ಪ್ರತಿ ಚದರ ಸೆಂಟಿಮೀಟರ್ ಮೂರರಲ್ಲೂ ಹೇಳಲು ಬರಬೇಕು, ಏಕೆಂದರೆ ಪುಸ್ತಕದಲ್ಲಿ ಒಂದಿರುತ್ತದೆ, ಕಾರ್ಖಾನೆಯ ಗೇಜಿನ ಮೇಲೆ ಇನ್ನೊಂದಿರುತ್ತದೆ.

ಕನ್ನಡ ಮಾಧ್ಯಮದಿಂದ ಹೋದವರು ಮೊದಲ ತಿಂಗಳುಗಳಲ್ಲಿ ತರಗತಿಯ ಇಂಗ್ಲಿಷಿಗೆ ಅಳುಕುವುದು ಸಹಜ. ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಪಾರಿಭಾಷಿಕ ಪದಗಳನ್ನು ಮಾತ್ರ ಇದ್ದಂತೆಯೇ ಇಡಿ. ಹೀಗೆ ಬರೆದುಕೊಂಡವರು ವಿಷಯ ತಿಳಿದುಕೊಂಡು ಮುಂದೆ ಹೋಗುತ್ತಾರೆ. ಎಲ್ಲ ಇಂಗ್ಲಿಷಿನಲ್ಲೇ ಆಗಬೇಕೆಂದು ಹಟ ಹಿಡಿದು ಅರ್ಥವಾಗದ್ದನ್ನು ನಕಲು ಮಾಡುವುದರಿಂದ ಪ್ರಯೋಜನವಿಲ್ಲ.

ಎರಡನೇ, ಮೂರನೇ ವರ್ಷ: ಶಾಖೆಯ ಹೊಟ್ಟೆ

ಇಲ್ಲಿಂದ ಮುಂದೆ ಪ್ರತಿ ಸೆಮಿಸ್ಟರಿನಲ್ಲೂ ಒಂದೊಂದು ದೊಡ್ಡ ವಿಷಯ ಬರುತ್ತದೆ. ಪ್ರತಿಯೊಂದಕ್ಕೂ ನಿಮ್ಮ ಊರಿನ ಒಂದು ಲೆಕ್ಕ ಕಟ್ಟಿಕೊಳ್ಳಿ. ನಾನು ಕೆಲವನ್ನು ಕೊಡುತ್ತೇನೆ.

ಫ್ಲೂಯಿಡ್ ಮೆಕ್ಯಾನಿಕ್ಸ್‌ಗೆ, ಅಂದರೆ ದ್ರವದ ಹರಿವಿನ ಪಾಠಕ್ಕೆ, ತೋಟದ ಪೈಪು. ಒಳವ್ಯಾಸ 50 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ ಎರಡು ಲೀಟರ್ ನೀರು ಹೋಗುತ್ತಿದೆ. ವೇಗ ಸೆಕೆಂಡಿಗೆ ಸುಮಾರು 1 ಮೀಟರ್, ಹರಿವು ಯಾವ ಬಗೆಯದೆಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 50,000. 2,100ರ ಒಳಗಿದ್ದರೆ ಹರಿವು ಪದರು ಪದರಾಗಿ ಶಾಂತವಾಗಿ ಸಾಗುತ್ತದೆ. ಇಲ್ಲಿ ಅದು ಪೂರ್ತಿ ಸುಳಿಸುಳಿಯ ಹರಿವು. 100 ಮೀಟರ್ ಪೈಪಿಗೆ ಘರ್ಷಣೆಯಲ್ಲಿ ಸುಮಾರು 2 ಮೀಟರ್ ಎತ್ತರದಷ್ಟು ಒತ್ತಡ ಕಳೆಯುತ್ತದೆ. ಅದೇ ನೀರನ್ನು ಅರ್ಧ ವ್ಯಾಸದ ಪೈಪಿನಲ್ಲಿ ದೂಡಿದರೆ? ನಷ್ಟ ಎರಡು ಪಟ್ಟೂ ಅಲ್ಲ, ನಾಲ್ಕು ಪಟ್ಟೂ ಅಲ್ಲ, ಹೆಚ್ಚುಕಡಿಮೆ 32 ಪಟ್ಟು. ಹಣ ಉಳಿಸಲು ಸಣ್ಣ ಪೈಪು ಹಾಕಿದವರ ತೋಟದ ಕೊನೆಯ ಸ್ಪ್ರಿಂಕ್ಲರ್ ಏಕೆ ತಿರುಗುವುದಿಲ್ಲ ಎಂಬುದಕ್ಕೆ ಉತ್ತರ ಇದರಲ್ಲಿದೆ. ಮನೆಯ ಪಂಪಿನ ಹೆಸರುಫಲಕ ನೋಡಿ ಈ ಲೆಕ್ಕವನ್ನು ನಿಮ್ಮದೇ ಅಳತೆಗಳಲ್ಲಿ ಮಾಡಿ.

ಮಾಸ್ ಟ್ರಾನ್ಸ್‌ಫರ್, ಅಂದರೆ ಪದಾರ್ಥ ಒಂದರಿಂದ ಇನ್ನೊಂದಕ್ಕೆ ಸಾಗುವ ಪಾಠ, ಈ ಓದಿನ ಅತಿ ಕಠಿಣ ಭಾಗವೆಂದು ಹೆಚ್ಚಿನವರು ಹೇಳುತ್ತಾರೆ. ಅತಿ ಚಂದದ ಭಾಗವೂ ಇದೇ ಎನ್ನುತ್ತೇನೆ ನಾನು. ನಮ್ಮ ಕಡೆ ಸುಲಿದ ಹಸಿ ಅಡಕೆಯನ್ನು ಬೇಯಿಸಿದಾಗ ನೀರಿಗೆ ಚೊಗರು ಬಿಡುತ್ತದಲ್ಲ, ಅದು ಲೀಚಿಂಗ್: ಘನವಸ್ತುವಿನ ಒಳಗಿರುವ ಪದಾರ್ಥ ದ್ರವಕ್ಕೆ ಇಳಿಯುವುದು. ಆಮೇಲೆ ಅದೇ ಅಡಕೆ ಒಣಗಬೇಕು. ಮೊದಲು ಮೇಲ್ಮೈಯ ನೀರು ಬೇಗ ಆರುತ್ತದೆ, ಆಮೇಲೆ ಒಳಗಿನ ನೀರು ಹೊರಬರಲು ನಿಧಾನಿಸುತ್ತದೆ. ಒಣಗುವ ವೇಗ ಎಲ್ಲಿ ಬೀಳುತ್ತದೆಂದು ತಕ್ಕಡಿಯೊಂದಿಗೆ ಅಳೆದು ನಕ್ಷೆ ಬರೆದರೆ ಪುಸ್ತಕದ ಡ್ರೈಯಿಂಗ್ ಕರ್ವ್ ಕಣ್ಣೆದುರಿಗೆ ಬರುತ್ತದೆ.

ಮಳೆಯಲ್ಲಿ ಡ್ರೈಯರ್ ಏಕೆ ಬೇಕೆಂಬುದಕ್ಕೂ ಲೆಕ್ಕವಿದೆ. ಹೊರಗೆ 30 ಡಿಗ್ರಿ, ತೇವಾಂಶ ನೂರಕ್ಕೆ 90. ಆ ಗಾಳಿ ಹೆಚ್ಚುಕಡಿಮೆ ತುಂಬಿಹೋಗಿದೆ, ಇನ್ನಷ್ಟು ನೀರನ್ನು ಹೊರಲಾರದು. ಅದೇ ಗಾಳಿಯನ್ನು, ಒಂದು ಹನಿ ನೀರನ್ನೂ ತೆಗೆಯದೆ, 50 ಡಿಗ್ರಿಗೆ ಬಿಸಿ ಮಾಡಿ. 30 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಗರಿಷ್ಠ 4.25 ಕಿಲೋಪಾಸ್ಕಲ್, 50 ಡಿಗ್ರಿಯಲ್ಲಿ 12.35. ಹಾಗಾಗಿ ಸಾಪೇಕ್ಷ ತೇವಾಂಶ 90ರಿಂದ ಸುಮಾರು 31ಕ್ಕೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ ಇದೆ, ಹೊರುವ ಶಕ್ತಿ ಮಾತ್ರ ಹೆಚ್ಚಿತು. ಗಾಳಿಯ ಬಿಸಿ, ತೇವಾಂಶಗಳ ನಕ್ಷೆಯಾದ ಸೈಕ್ರೋಮೆಟ್ರಿಕ್ ಚಾರ್ಟ್ ಎದುರಿಗೆ ಬಂದಾಗ ಈ ಎರಡು ಬಿಂದುಗಳನ್ನು ಅದರ ಮೇಲೆ ಗುರುತಿಸಿ, ಚಾರ್ಟ್ ಓದುವುದು ತಾನಾಗಿ ಬರುತ್ತದೆ.

ರಿಯಾಕ್ಷನ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ. ಇಲ್ಲಿ ಒಂದೇ ಒಂದು ಹೋಲಿಕೆಯ ಲೆಕ್ಕ ತಲೆಯಲ್ಲಿ ಕೂತರೆ ಅರ್ಧ ವಿಷಯ ಬಂದಂತೆ. ಒಂದನೇ ದರ್ಜೆಯ ಕ್ರಿಯೆ, ನೂರಕ್ಕೆ 90 ಭಾಗ ಪರಿವರ್ತನೆ ಬೇಕು. ಉದ್ದ ಕೊಳವೆಯಂಥ ರಿಯಾಕ್ಟರಿನಲ್ಲಿ ಮಾಡಿದರೆ ಬೇಕಾಗುವ ಗಾತ್ರ 2.3 ಎಂದಾದರೆ, ಚೆನ್ನಾಗಿ ಕಲಕುತ್ತಿರುವ ತೊಟ್ಟಿಯಲ್ಲಿ ಮಾಡಿದರೆ 9. ಸುಮಾರು ನಾಲ್ಕು ಪಟ್ಟು. ಕಾರಣ: ಕಲಕುವ ತೊಟ್ಟಿಗೆ ಬಿದ್ದ ಹೊಸ ಪದಾರ್ಥ ತಕ್ಷಣ ತೆಳುವಾಗಿಬಿಡುತ್ತದೆ, ಸಾಂದ್ರತೆ ಕಡಿಮೆಯಾದಲ್ಲಿ ಕ್ರಿಯೆ ನಿಧಾನ. ಹಾಗಿದ್ದೂ ತೊಟ್ಟಿಗಳನ್ನು ಏಕೆ ಕಟ್ಟುತ್ತಾರೆ? ಬಿಸಿಯ ಮೇಲೆ ಹಿಡಿತ ಸಿಗುತ್ತದೆಂದು. ಸೂತ್ರಕ್ಕಿಂತ ಈ ಎರಡು ಕಾರಣಗಳನ್ನು ಹಿಡಿದುಕೊಳ್ಳಿ.

ಥರ್ಮೊಡೈನಮಿಕ್ಸ್‌ನಲ್ಲಿ ತರಗತಿಯ ಪಾಠ ಸಾಲದಿದ್ದರೆ ಎನ್‌ಪಿಟಿಇಎಲ್‌ನ ಐಐಟಿ ಪಾಠಗಳು ಉಚಿತವಾಗಿ ಸಿಗುತ್ತವೆ. ನೆಟ್‌ವರ್ಕ್ ಸಿಗದ ಊರಿನವರು ಹಾಸ್ಟೆಲಿನಲ್ಲಿದ್ದಾಗಲೇ ಇಳಿಸಿಕೊಂಡು ರಜೆಗೆ ಮನೆಗೆ ಒಯ್ಯಿರಿ.

ಲ್ಯಾಬಿನ ಬಗ್ಗೆ ಒಂದೇ ಮಾತು: ಸ್ಥಿತಿ ನೆಲೆಗೊಳ್ಳುವವರೆಗೆ ಕಾಯಿರಿ. ಹೀಟ್ ಎಕ್ಸ್‌ಚೇಂಜರಿನ ತಾಪಮಾನ ಇನ್ನೂ ಏರುತ್ತಿರುವಾಗಲೇ ರೀಡಿಂಗ್ ಬರೆದುಕೊಂಡು ಊಟಕ್ಕೆ ಓಡುವ ಅಭ್ಯಾಸ ಎಲ್ಲ ಕಾಲೇಜಿನಲ್ಲೂ ಇದೆ. ಬಿಸಿನೀರು ಕಳೆದುಕೊಂಡ ಶಾಖ, ತಣ್ಣೀರು ಪಡೆದುಕೊಂಡ ಶಾಖ ಎರಡನ್ನೂ ಅಲ್ಲೇ ಲೆಕ್ಕ ಹಾಕಿ. ಹೊಂದದಿದ್ದರೆ ಹಿಂದಿನ ವರ್ಷದ ರೆಕಾರ್ಡಿನಿಂದ ಅಂಕಿ ಎತ್ತಬೇಡಿ. ಯಾಕೆ ಹೊಂದಲಿಲ್ಲ ಎಂದು ಬರೆಯಿರಿ. ಒಳ್ಳೆಯ ಮೇಷ್ಟ್ರು ಅದಕ್ಕೇ ಅಂಕ ಕೊಡುತ್ತಾರೆ.

ಕಾರ್ಖಾನೆಯೊಳಗೆ ಕಾಲಿಡುವುದು

ಎರಡನೇ ವರ್ಷದ ರಜೆಯಿಂದಲೇ ಇಂಟರ್ನ್‌ಶಿಪ್ ಹುಡುಕಿ. ಕಾಲೇಜಿನಿಂದ ವಿಭಾಗದ ಮುಖ್ಯಸ್ಥರ ಪತ್ರ, ಬೋನಾಫೈಡ್, ಗುರುತಿನ ಚೀಟಿ ಇಟ್ಟುಕೊಂಡು ಕಾರ್ಖಾನೆಯ ಎಚ್‌ಆರ್ ವಿಭಾಗಕ್ಕೆ ಎರಡು-ಮೂರು ತಿಂಗಳು ಮೊದಲೇ ಬರೆಯಿರಿ. ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ನೀವು ಈ ಜಿಲ್ಲೆಯವರೆಂದು ಪತ್ರದಲ್ಲಿ ಹೇಳಿ. ಮನೆಯಿಂದ ಬಂದುಹೋಗುವ ಹುಡುಗ ಹುಡುಗಿಯರಿಗೆ ವಸತಿ ಕೊಡಬೇಕಿಲ್ಲ ಎಂಬುದು ಅವರಿಗೂ ಅನುಕೂಲ.

ಬಿಣಗಾದಲ್ಲಿ ಗ್ರಾಸಿಮ್ ಕಂಪನಿಯ ಕಾಸ್ಟಿಕ್ ಸೋಡಾ ಘಟಕವಿದೆ. ಅಲ್ಲಿಗೆ ಹೋಗುವ ಮೊದಲು ಒಂದು ದಿನ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರ ನೋಡಿ ಬನ್ನಿ. ಸಮುದ್ರದ ನೀರಿನ ಒಂದು ಕೆ.ಜಿ.ಯಲ್ಲಿ ಸುಮಾರು 35 ಗ್ರಾಂ ಲವಣ, ಅದರಲ್ಲಿ ನಾವು ತಿನ್ನುವ ಉಪ್ಪು ಸುಮಾರು 27 ಗ್ರಾಂ. ಬಿಸಿಲಿಗೆ ನೀರು ಆರುತ್ತ ಹೋದಂತೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ, ಅದಾದ ಮೇಲೆ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ ಲವಣಗಳು. ಒಂದು ಮಡಿಯಿಂದ ಇನ್ನೊಂದು ಮಡಿಗೆ ನೀರು ದಾಟಿಸುವುದು ಈ ಕ್ರಮವನ್ನು ಬಳಸಿಕೊಳ್ಳುವ ವಿಧಾನ. ಕಾಸ್ಟಿಕ್ ಸೋಡಾ ಕಾರ್ಖಾನೆಗೂ ಇದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಶತ್ರುಗಳು. ಇಂದಿನ ಮೆಂಬ್ರೇನ್ ಸೆಲ್‌ಗೆ (ನಡುವೆ ಪೊರೆಯಿಟ್ಟು ಉಪ್ಪುನೀರಿನಲ್ಲಿ ವಿದ್ಯುತ್ ಹರಿಸುವ ತೊಟ್ಟಿ) ಹೋಗುವ ಉಪ್ಪುನೀರಿನಲ್ಲಿ ಅವು ನೂರು ಕೋಟಿಗೆ ಕೆಲವೇ ಭಾಗಗಳಷ್ಟಿರಬೇಕು, ಇಲ್ಲದಿದ್ದರೆ ದುಬಾರಿ ಪೊರೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ.

ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿದಾಗ ಮೂರು ಪದಾರ್ಥ ಬರುತ್ತವೆ: ಕಾಸ್ಟಿಕ್ ಸೋಡಾ, ಕ್ಲೋರಿನ್, ಹೈಡ್ರೋಜನ್. ಸಮೀಕರಣ ಬರೆದು ತೂಕ ಹಾಕಿ. ಒಂದು ಟನ್ ಕಾಸ್ಟಿಕ್ ಸೋಡಾಕ್ಕೆ 1.46 ಟನ್ ಉಪ್ಪು ಬೇಕು. ಜೊತೆಗೆ 0.89 ಟನ್ ಕ್ಲೋರಿನ್, 25 ಕೆ.ಜಿ. ಹೈಡ್ರೋಜನ್ ಬಂದೇ ಬರುತ್ತವೆ. ಈ ಪ್ರಮಾಣವನ್ನು ಯಾರೂ ಬದಲಿಸಲಾರರು. ಮಾರುಕಟ್ಟೆಯಲ್ಲಿ ಕಾಸ್ಟಿಕ್‌ಗೆ ಬೇಡಿಕೆಯಿದ್ದು ಕ್ಲೋರಿನ್ ಕೇಳುವವರಿಲ್ಲದಿದ್ದರೆ, ಆ ವಿಷಾನಿಲವನ್ನು ರಾಶಿ ಹಾಕಿಡಲು ಆಗದೆ ಕಾರ್ಖಾನೆ ಉತ್ಪಾದನೆಯನ್ನೇ ಇಳಿಸಬೇಕಾಗುತ್ತದೆ. ಪಿಯುಸಿಯ ಒಂದು ಸಾಲಿನ ಸಮೀಕರಣ ಒಂದು ಕಂಪನಿಯ ವ್ಯಾಪಾರವನ್ನು ಕಟ್ಟಿಹಾಕುವುದು ಹೀಗೆ.

ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. ಕಟ್ಟಿಗೆಯ ಚೂರುಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಜೊತೆ ಸುಮಾರು 170 ಡಿಗ್ರಿಯಲ್ಲಿ ಬೇಯಿಸಿದಾಗ ನಾರು ಉಳಿದು, ನಾರುಗಳನ್ನು ಅಂಟಿಸಿ ಹಿಡಿದಿದ್ದ ಲಿಗ್ನಿನ್ ಕರಗುತ್ತದೆ. ಇದು ಕ್ರಾಫ್ಟ್ ವಿಧಾನ. ಇಂಥ ಕಾರ್ಖಾನೆಯ ಸುತ್ತ ಮೂಗಿಗೆ ಬಡಿಯುವ ವಾಸನೆ ಗಂಧಕದ ಸಂಯುಕ್ತಗಳದ್ದು. ಬೆಂದ ಮೇಲೆ ಉಳಿಯುವ ಕಪ್ಪು ದ್ರಾವಣದಲ್ಲಿ ನೂರಕ್ಕೆ ಸುಮಾರು 15 ಭಾಗ ಘನಪದಾರ್ಥ. ಅದನ್ನು ಉರಿಸಿ ಬಿಸಿಯನ್ನೂ ರಾಸಾಯನಿಕವನ್ನೂ ಮರಳಿ ಪಡೆಯಬೇಕೆಂದರೆ 65 ಭಾಗಕ್ಕಾದರೂ ದಪ್ಪವಾಗಬೇಕು. 100 ಕೆ.ಜಿ.ಗೆ ಲೆಕ್ಕ ಹಾಕಿ: 77 ಕೆ.ಜಿ. ನೀರು ಹೋಗಬೇಕು. ಆಲೆಮನೆಯಲ್ಲಿ 76 ಬಂದಿತ್ತು.

ಕೊಪ್ಪರಿಗೆಯ ಮೇಲೆ ಎದ್ದು ಹೋಗುತ್ತಿದ್ದ ಹಬೆಯನ್ನು ಇಲ್ಲಿ ಬಿಡುವುದಿಲ್ಲ. ಮೊದಲ ಪಾತ್ರೆಯ ಹಬೆಯಿಂದ ಎರಡನೆಯದನ್ನು ಕಾಯಿಸುತ್ತಾರೆ, ಎರಡನೆಯದರ ಹಬೆಯಿಂದ ಮೂರನೆಯದನ್ನು. ಪ್ರತಿ ಪಾತ್ರೆಯಲ್ಲೂ ಒತ್ತಡ ಹಿಂದಿನದಕ್ಕಿಂತ ಕಡಿಮೆ ಇಡುವುದರಿಂದ ಕಡಿಮೆ ತಾಪಮಾನದಲ್ಲೇ ಕುದಿಯುತ್ತದೆ. ಒಂದು ಕೆ.ಜಿ. ಹಬೆ ಕೊಟ್ಟರೆ ಹಲವು ಕೆ.ಜಿ. ನೀರು ಹೋಗುತ್ತದೆ. ಅಮೆರಿಕದ ಲೂಯಿಸಿಯಾನದ ನಾರ್ಬರ್ಟ್ ರಿಲ್ಯೂ 1843ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕಬ್ಬಿನ ಹಾಲು ಕುದಿಸುವುದಕ್ಕಾಗಿಯೇ. ಕಾಲೇಜು ಶುರುವಾಗುವ ಮೊದಲು ಆಲೆಮನೆಯ ಲೆಕ್ಕ ಮಾಡಿದ ಆ ಕಾಗದವನ್ನು ತೆಗೆದು, ಮೂರು ಪಾತ್ರೆ ಜೋಡಿಸಿದರೆ ಉರುವಲು ಎಷ್ಟು ಉಳಿಯುತ್ತದೆಂದು ಮತ್ತೆ ಲೆಕ್ಕ ಹಾಕಿ.

ಕಾರ್ಖಾನೆಯೊಳಗೆ ಒಂದು ಪೈಪನ್ನು ಆರಿಸಿಕೊಂಡು ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ನಡೆದು ನೋಡಿ. ದಾರಿಯ ವಾಲ್ವು, ಪಂಪು, ಮೀಟರುಗಳನ್ನು ಕೈಯಲ್ಲಿ ಬರೆಯಿರಿ, ಆಮೇಲೆ ಅವರ ನಕ್ಷೆಯೊಂದಿಗೆ ಹೋಲಿಸಿ. ಫೋಟೊ ತೆಗೆಯಬೇಡಿ, ಹೆಚ್ಚಿನ ಕಡೆ ನಿಷೇಧವಿದೆ. ಆಪರೇಟರುಗಳಲ್ಲಿ ಐಟಿಐ ಓದಿ ಇಪ್ಪತ್ತು ವರ್ಷ ಒಂದೇ ಘಟಕ ನಡೆಸಿದವರಿರುತ್ತಾರೆ. ಅವರ ಹತ್ತಿರ "ಅಣ್ಣಾ, ಇದು ಕೈಕೊಟ್ಟಾಗ ಮೊದಲು ಎಂತ ನೋಡ್ತ್ರಿ?" ಎಂದು ಕೇಳಿ. ಯಾವ ಪುಸ್ತಕದಲ್ಲೂ ಸಿಗದ ಉತ್ತರ ಸಿಗುತ್ತದೆ.

ಸುರಕ್ಷತೆಯನ್ನು ಆಯ್ಕೆಯ ವಿಷಯ ಎಂದುಕೊಳ್ಳಬೇಡಿ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಸೋರಿ ಸಾವಿರಾರು ಜನ ಸತ್ತರು. ತೊಟ್ಟಿಗೆ ನೀರು ಸೇರಿತು, ಕ್ರಿಯೆ ಬಿಸಿ ಹುಟ್ಟಿಸಿತು, ತಣ್ಣಗಿಡುವ ವ್ಯವಸ್ಥೆ ನಿಲ್ಲಿಸಲಾಗಿತ್ತು, ಅನಿಲ ಹೀರಿಕೊಳ್ಳಬೇಕಾದ ಮತ್ತು ಸುಡಬೇಕಾದ ವ್ಯವಸ್ಥೆಗಳು ಕೆಲಸಕ್ಕೆ ಬರಲಿಲ್ಲ. ಪ್ರತಿ ಕೆಮಿಕಲ್ ವಿದ್ಯಾರ್ಥಿಯೂ ಆ ರಾತ್ರಿಯ ತಾಂತ್ರಿಕ ವಿವರವನ್ನು ಪೂರ್ತಿ ಓದಬೇಕು. ನೀವು ಕಲಿಯುವ ಶಾಖದ ಲೆಕ್ಕದ ಹಿಂದೆ ಜನವಸತಿ ಇದೆ.

ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ಕೂರುತ್ತದೆ. ಇಂಥ ಘಟಕಕ್ಕೆ ಹೋದ ಮೊದಲ ಗಳಿಗೆಯಲ್ಲೇ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಯಾವ ಕಡೆಗೆ ಹಾರುತ್ತಿದೆ ನೋಡಿ. ಸೋರಿಕೆಯಾದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ, ಎತ್ತರದ ಕಡೆಗೆ ಹೋಗಬೇಕು. ನದಿಗೆ ಬಿಡುವ ನೀರಿನ ಸಿಒಡಿ, ಬಿಒಡಿ (ಅದರಲ್ಲಿರುವ ಕೊಳೆಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆಂಬ ಅಳತೆಗಳು) ಲೆಕ್ಕವೂ ಇದೇ ಪಾಠದ ಭಾಗ. ಕಾಳಿ ನದಿ ದಾಂಡೇಲಿ ದಾಟಿ ಸದಾಶಿವಗಡದಲ್ಲಿ ಸಮುದ್ರ ಸೇರುವವರೆಗೆ ಅದರ ಮೇಲೆ ಎಷ್ಟು ಜನ ಬದುಕಿದ್ದಾರೆಂದು ನಿಮಗೆ ಹೊರಗಿನವರು ಹೇಳಿಕೊಡಬೇಕಿಲ್ಲ.

ಕಂಪ್ಯೂಟರ್

ಎಕ್ಸೆಲ್ ಚೆನ್ನಾಗಿ ಬರಲಿ, ಪೈಥಾನ್ ಒಂದಿಷ್ಟು ಬರಲಿ. ಪ್ರೊಸೆಸ್ ಸಿಮ್ಯುಲೇಶನ್‌ಗೆ, ಅಂದರೆ ಘಟಕವನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡುವುದಕ್ಕೆ, ದುಬಾರಿ ಆಸ್ಪೆನ್ ಸಾಫ್ಟ್‌ವೇರ್ ಕಾಲೇಜಿನಲ್ಲಿ ಇಲ್ಲದಿದ್ದರೆ ಚಿಂತೆ ಬೇಡ, ಡಿಡಬ್ಲ್ಯುಸಿಮ್ ಎಂಬ ಸಾಫ್ಟ್‌ವೇರ್ ಉಚಿತ. ಐಐಟಿ ಬಾಂಬೆಯ ಫಾಸಿ ಯೋಜನೆ ಇದನ್ನು ಕಲಿಸುತ್ತದೆ, ವಿದ್ಯಾರ್ಥಿಗಳು ಮಾಡಿದ ಫ್ಲೋಶೀಟ್‌ಗಳನ್ನು ಪರಿಶೀಲಿಸಿ ಪ್ರಕಟಿಸುತ್ತದೆ. ಯಾವ ಸಿಮ್ಯುಲೇಶನ್ ಮಾಡಿದರೂ ಉತ್ತರವನ್ನು ಕೈಲೆಕ್ಕದಿಂದ ಒಮ್ಮೆ ಪರೀಕ್ಷಿಸಿ.

ಕೊನೆಯ ವರ್ಷ

ಗೇಟ್ ಪರೀಕ್ಷೆಯಲ್ಲಿ ಈ ಶಾಖೆಯ ಪತ್ರಿಕೆಯ ಸಂಕೇತ ಸಿಎಚ್. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅಂಕ ಮೂರು ವರ್ಷ ಊರ್ಜಿತ. ಎಂ.ಟೆಕ್.ಗೆ ಮಾತ್ರವಲ್ಲ, ಹಲವು ಸಾರ್ವಜನಿಕ ಉದ್ದಿಮೆಗಳ ನೇಮಕಾತಿಗೂ ಇದೇ ದಾರಿ. ಕೈಗಾ ನಡೆಸುವ ಎನ್‌ಪಿಸಿಐಎಲ್ ಕೂಡ ಕೆಮಿಕಲ್ ಪದವೀಧರರನ್ನು ಗೇಟ್ ಮೂಲಕ ಟ್ರೈನಿಗಳಾಗಿ ತೆಗೆದುಕೊಳ್ಳುತ್ತದೆ. ಕೈಗಾದ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಲ್ಲಿ ಭಾರಜಲ (ಹೈಡ್ರೋಜನ್ನಿನ ಭಾರದ ರೂಪದಿಂದಾದ ನೀರು) ಓಡಾಡುತ್ತದೆ. ಅದನ್ನು ಶುದ್ಧವಾಗಿಡುವುದು, ಸೋರದಂತೆ ನೋಡುವುದು, ಸೋರಿದ್ದನ್ನು ಹಿಡಿದು ಮರಳಿ ದರ್ಜೆಗೆ ತರುವುದು ಡಿಸ್ಟಿಲೇಶನ್ ಓದಿದವರ ಕೆಲಸ. ಸಾಮಾನ್ಯ ನೀರು 100 ಡಿಗ್ರಿಗೆ, ಭಾರಜಲ 101.4 ಡಿಗ್ರಿಗೆ ಕುದಿಯುತ್ತದೆ. ಅಷ್ಟು ಸಣ್ಣ ಅಂತರದಲ್ಲಿ ಕುದಿಸಿ ಬೇರ್ಪಡಿಸಲು ಡಿಸ್ಟಿಲೇಶನ್ ಕಂಬ ಎಷ್ಟು ಎತ್ತರ ಬೇಕಾಗಬಹುದೆಂದು ಮೂರನೇ ವರ್ಷದ ವಿದ್ಯಾರ್ಥಿ ಯೋಚಿಸಬಲ್ಲ.

ಖಾಸಗಿ ಕೆಲಸಗಳಿಗೆ ದಕ್ಷಿಣಕ್ಕೆ ಮಂಗಳೂರು, ಉತ್ತರಕ್ಕೆ ಗೋವೆಯ ವೆರ್ಣಾದ ಔಷಧ ಕಾರ್ಖಾನೆಗಳು, ಇನ್ನೂ ದೂರಕ್ಕೆ ಗುಜರಾತಿನ ದಹೇಜ್, ಜಾಮನಗರ. ಕ್ಯಾಂಪಸ್‌ಗೆ ಸಾಫ್ಟ್‌ವೇರ್ ಕಂಪನಿಗಳೇ ಹೆಚ್ಚು ಬರುವ ಕಾಲೇಜಾದರೆ ಪ್ಲೇಸ್‌ಮೆಂಟ್ ಸೆಲ್ ನಂಬಿ ಕೂರಬೇಡಿ. ಹಿಂದಿನ ಬ್ಯಾಚಿನವರನ್ನು ಹುಡುಕಿ, ಯಾವ ಘಟಕದಲ್ಲಿ ಯಾವಾಗ ಟ್ರೈನಿಗಳನ್ನು ತೆಗೆದುಕೊಳ್ಳುತ್ತಾರೆಂದು ಆರನೇ ಸೆಮಿಸ್ಟರಿನಲ್ಲೇ ಕೇಳಿಡಿ.

ಸಂದರ್ಶನದಲ್ಲಿ ಹೆಚ್ಚಾಗಿ ಒಂದು ಬಿಳಿ ಹಾಳೆ ಕೊಟ್ಟು ನೀವು ಇಂಟರ್ನ್‌ಶಿಪ್ ಮಾಡಿದ ಘಟಕದ ಫ್ಲೋ ಡಯಾಗ್ರಾಂ ಬರೆಯಿರಿ ಎನ್ನುತ್ತಾರೆ. ಆಮೇಲೆ ಒಂದು ಪಂಪಿನ ಮೇಲೆ ಬೆರಳಿಟ್ಟು ಇದು ನಿಂತರೆ ಏನಾಗುತ್ತದೆ ಎಂದು ಕೇಳುತ್ತಾರೆ. ಆ ಹಾಳೆಯನ್ನು ಮನೆಯಲ್ಲಿ ನೋಡದೆ ಬರೆಯುವಷ್ಟು ಅಭ್ಯಾಸ ಮಾಡಿ, ಪ್ರತಿ ಗೆರೆಯ ಮೇಲೂ ಗಂಟೆಗೆ ಎಷ್ಟು ಟನ್ ಹೋಗುತ್ತದೆಂದು ಬರೆದಿಡಿ.